ಉಪಕರಣ, ಕರ್ತೃತ್ವ ಮತ್ತು ತ್ಯಾಗ: ವಿದ್ಯಾರ್ಥಿಗಳ ಹಾಡಿನ ವಿಡಿಯೊವೊಂದರ ತಾತ್ತ್ವಿಕ ವಿಚಾರ

ಉಪಕರಣಗಳ ನೆರವಿನಿಂದ ನಡೆದ ಕೆಲಸದಲ್ಲಿ ಮಾಡಿದವನ ಪಾಲು ಎಷ್ಟು, ಉಪಕರಣದ ಪಾಲು ಎಷ್ಟು ಎಂಬ ಪ್ರಶ್ನೆ ಭಾರತೀಯ ದರ್ಶನಗಳಿಗೆ ಹೊಸದಲ್ಲ. ವೈಯಾಕರಣರು ಅದನ್ನು ಕಾರಕಗಳ ವಿಚಾರವಾಗಿ, ಮೀಮಾಂಸಕರು ಯಜ್ಞದ ಅಧಿಕಾರದ ವಿಚಾರವಾಗಿ, ವೇದಾಂತಿಗಳು ಜೀವಾತ್ಮನ ಕರ್ತೃತ್ವದ ವಿಚಾರವಾಗಿ ಶತಮಾನಗಳ ಕಾಲ ಚರ್ಚಿಸಿದ್ದಾರೆ. ಕಂಪ್ಯೂಟರಿನ ಕಾಲದಲ್ಲಿ ಈ ಪ್ರಶ್ನೆ ಮತ್ತೆ ಎದ್ದಿರುವುದು ಸಹಜವೇ ಆದರೂ, ಅದು ಹೆಚ್ಚು ಸ್ಪಷ್ಟವಾಗಿ ಎದುರಾಗುವುದು ದೊಡ್ಡ ಪ್ರಯೋಗಾಲಯಗಳಲ್ಲಿ ಅಲ್ಲ. ಮೇಲುನೋಟಕ್ಕೆ ಲಘುವೆನಿಸುವ ಒಂದು ಶಾಲಾ ಅಭ್ಯಾಸದಲ್ಲಿ, ಅಂದರೆ ಹದಿನೇಳು ಹದಿನೆಂಟು ವಯಸ್ಸಿನ ವಿದ್ಯಾರ್ಥಿಗಳು ಸಂಕಲನ ತಂತ್ರಾಂಶವನ್ನು ಬಳಸಿ ಒಂದು ಹಾಡಿಗೆ ವಿಡಿಯೊ ತಯಾರಿಸುವ ಕೆಲಸದಲ್ಲಿ.

ಬ್ರಿಟನ್ನಿನಲ್ಲಿ ಎ-ಲೆವೆಲ್ ಎಂಬುದು ಕರ್ನಾಟಕದ ಪಿಯುಸಿಗೆ ಹೋಲಿಸಬಹುದಾದ ಹಂತ. ಅಲ್ಲಿಯ ಓಸಿಆರ್ ಎಂಬ ಪರೀಕ್ಷಾ ಮಂಡಳಿಯು 2008ರಿಂದ ಸುಮಾರು ಒಂದು ದಶಕದ ಕಾಲ ನಡೆಸಿದ ಮಾಧ್ಯಮ ಅಧ್ಯಯನದ ಪಠ್ಯಕ್ರಮದಲ್ಲಿ ಒಂದು ಪ್ರಾಯೋಗಿಕ ಘಟಕವಿದ್ದು, ಅದರಲ್ಲಿ ವಿದ್ಯಾರ್ಥಿಗಳು ಆಯ್ದುಕೊಳ್ಳಬಹುದಾಗಿದ್ದ ಕೆಲಸಗಳಲ್ಲಿ ಒಂದು ಹಾಡಿನ ಆಲ್ಬಮ್ಮಿಗೆ ಪ್ರಚಾರ ಸಾಮಗ್ರಿಯನ್ನು ಸಿದ್ಧಪಡಿಸುವುದು. ಹಾಡಿನ ವಿಡಿಯೊ ಅದರ ಮುಖ್ಯಭಾಗ; ಅದರ ಜೊತೆಗೆ ಆಲ್ಬಮ್ಮಿನ ಹೊದಿಕೆ, ಪತ್ರಿಕಾ ಜಾಹೀರಾತು, ಜಾಲತಾಣದ ಮುಖಪುಟ ಇವುಗಳಲ್ಲಿ ಎರಡನ್ನು ಮಾಡಬೇಕಿತ್ತು. ಒಟ್ಟು 100 ಅಂಕಗಳಲ್ಲಿ 20 ಸಂಶೋಧನೆ ಮತ್ತು ಯೋಜನೆಗೆ, 60 ನಿರ್ಮಾಣಕ್ಕೆ, ಉಳಿದ 20 ಸ್ವಮೌಲ್ಯಮಾಪನಕ್ಕೆ ಮೀಸಲಾಗಿದ್ದವು. ನಿರ್ಮಾಣವನ್ನು ನಾಲ್ವರವರೆಗಿನ ತಂಡವಾಗಿ ಮಾಡಲು ಅವಕಾಶವಿದ್ದರೂ ಸ್ವಮೌಲ್ಯಮಾಪನದ ಅಂಕಗಳನ್ನು ಪ್ರತಿಯೊಬ್ಬರ ತಿಳಿವಳಿಕೆಯನ್ನು ನೋಡಿ ಪ್ರತ್ಯೇಕವಾಗಿ ಕೊಡಬೇಕಿತ್ತು. ಅಲ್ಲಿ ಕೇಳಲಾಗುತ್ತಿದ್ದ ನಾಲ್ಕು ಪ್ರಶ್ನೆಗಳಲ್ಲಿ ಕೊನೆಯದು, ನಿರ್ಮಾಣ, ಸಂಶೋಧನೆ, ಯೋಜನೆ ಮತ್ತು ಮೌಲ್ಯಮಾಪನದ ಹಂತಗಳಲ್ಲಿ ವಿದ್ಯಾರ್ಥಿಯು ಮಾಧ್ಯಮ ತಂತ್ರಜ್ಞಾನಗಳನ್ನು ಹೇಗೆ ಬಳಸಿದನೆಂಬುದನ್ನು ವಿಚಾರಿಸುತ್ತಿತ್ತು. ಬಳಸುವವನೊಬ್ಬನು ಮೊದಲೇ ಸಿದ್ಧನಾಗಿದ್ದಾನೆ, ಬಳಸಲ್ಪಡುವ ವಸ್ತುಗಳು ಅವನ ಎದುರಿಗಿವೆ, ಇವೆರಡರ ನಡುವಿನ ಗಡಿ ಸ್ಪಷ್ಟವಾಗಿದೆ ಎಂಬ ಮೂರು ನಂಬಿಕೆಗಳು ಈ ಪ್ರಶ್ನೆಯ ಒಳಗೆ ಅಡಗಿವೆ. ಕೆಲಸದ ಸ್ವರೂಪವನ್ನು ಹತ್ತಿರದಿಂದ ನೋಡಿದರೆ ಈ ಮೂರೂ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ.

ಹಾಡಿನ ವಿಡಿಯೊವನ್ನು ಚಿತ್ರೀಕರಿಸುವಾಗ ಹಾಡು ಹೊಸದಾಗಿ ಹುಟ್ಟುವುದಿಲ್ಲ. ಮೊದಲೇ ಮುದ್ರಿತವಾದ ಹಾಡನ್ನು ಧ್ವನಿವರ್ಧಕದಲ್ಲಿ ನುಡಿಸಿ, ಅದಕ್ಕೆ ತುಟಿ ಆಡಿಸುವ ಪಾತ್ರಧಾರಿಯನ್ನು ಬೇರೆಬೇರೆ ಕೋನಗಳಿಂದ, ಬೇರೆಬೇರೆ ಜಾಗಗಳಲ್ಲಿ, ಹಲವು ಟೇಕುಗಳಲ್ಲಿ ಸೆರೆಹಿಡಿಯಲಾಗುತ್ತದೆ. ಆಮೇಲೆ ಫೈನಲ್ ಕಟ್ ಪ್ರೊ, ಅಡೋಬಿ ಪ್ರೀಮಿಯರ್ ಪ್ರೊ ಮುಂತಾದ ತಂತ್ರಾಂಶಗಳಲ್ಲಿ ಪ್ರತಿ ಟೇಕಿನ ಧ್ವನಿಯ ಅಲೆಯನ್ನು ಮೂಲ ಹಾಡಿನ ಅಲೆಯೊಂದಿಗೆ ಹೊಂದಿಸಿ, ಎಲ್ಲ ಟೇಕುಗಳನ್ನೂ ಒಂದರ ಮೇಲೊಂದು ಜೋಡಿಸಿ, ಯಾವ ಕ್ಷಣದಲ್ಲಿ ಯಾವುದು ಕಾಣಬೇಕೆಂದು ನಿರ್ಧರಿಸಲಾಗುತ್ತದೆ. ಯುರೋಪಿನಲ್ಲಿ ರೂಢಿಯಲ್ಲಿರುವಂತೆ ಸೆಕೆಂಡಿಗೆ 25 ಚೌಕಟ್ಟುಗಳ ಲೆಕ್ಕದಲ್ಲಿ, ನಾಲ್ಕು ನಿಮಿಷದ ಹಾಡಿಗೆ 6,000 ಚೌಕಟ್ಟುಗಳು ಬೇಕು. ಚೌಕಟ್ಟು ಎಂದರೆ ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗ ಮಾತ್ರ ತೆರೆಯ ಮೇಲಿರುವ ಒಂದು ಸ್ಥಿರಚಿತ್ರ. ಹಾಡಿನ ಲಯ ನಿಮಿಷಕ್ಕೆ 125 ಬಡಿತಗಳಾಗಿದ್ದರೆ ಒಂದು ಬಡಿತಕ್ಕೆ ಸರಿಯಾಗಿ 12 ಚೌಕಟ್ಟುಗಳು ಬರುತ್ತವೆ. ಅದೇ ಲಯ 120 ಆಗಿದ್ದರೆ ಬಡಿತವೊಂದಕ್ಕೆ ಹನ್ನೆರಡೂವರೆ ಚೌಕಟ್ಟುಗಳಾಗುವುದರಿಂದ, ಅರ್ಧ ಚೌಕಟ್ಟೆಂಬುದು ಇಲ್ಲದ ಕಾರಣ, ಪ್ರತಿ ಎರಡನೆಯ ಬಡಿತದಲ್ಲಿ ಕಟ್ ಒಂದಿಷ್ಟು ಹಿಂದೆಯೋ ಮುಂದೆಯೋ ಬೀಳಲೇಬೇಕು. ಕಿವಿಗೆ ಅಖಂಡವಾದ ಕಾಲ ಕಣ್ಣಿಗೆ ಹೀಗೆ ತುಂಡಾಗಿ ಒದಗುತ್ತದೆ. ಈ ಎರಡು ಕಾಲಗಳನ್ನು ಹೊಂದಿಸುವ ಹೊಣೆ ಸಂಕಲನಕಾರನದು.

ಈ ಹೊಂದಾಣಿಕೆಯಿಂದ ಹುಟ್ಟುವ ಕಾಲ ಲೋಕದಲ್ಲಿ ಎಂದೂ ನಡೆದದ್ದಲ್ಲ. ಹಾಡನ್ನು ಎರಡರಷ್ಟು ವೇಗದಲ್ಲಿ ನುಡಿಸಿ, ಪಾತ್ರಧಾರಿಯೂ ಅದೇ ವೇಗದಲ್ಲಿ ತುಟಿ ಆಡಿಸುವಂತೆ ಮಾಡಿ, ಅದನ್ನು ಸೆಕೆಂಡಿಗೆ 50 ಚೌಕಟ್ಟುಗಳಂತೆ ಚಿತ್ರೀಕರಿಸಿ 25ರಂತೆ ತೋರಿಸಿದರೆ, ತುಟಿ ಹಾಡಿಗೆ ಸರಿಯಾಗಿ ಕೂಡುತ್ತದೆ, ಕೂದಲು ಮತ್ತು ಬಟ್ಟೆ ಮಾತ್ರ ನಿಧಾನವಾಗಿ ತೇಲುತ್ತವೆ. ಹಾಗಾದರೆ ಇದು ಸುಳ್ಳೇ ಎಂಬ ಆಕ್ಷೇಪ ಏಳಬಹುದು. ಪಿ. ಬಿ. ಶ್ರೀನಿವಾಸ್ ಅವರ ಕಂಠಕ್ಕೆ ರಾಜ್‌ಕುಮಾರ್ ಅವರು ತುಟಿ ಆಡಿಸುವುದನ್ನು ವರ್ಷಗಟ್ಟಲೆ ಕಂಡು ಒಪ್ಪಿದ, 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜ್‌ಕುಮಾರ್ ತಾವೇ ಹಾಡಿದಾಗ ಅದನ್ನೂ ಅಷ್ಟೇ ಸಂತೋಷದಿಂದ ಒಪ್ಪಿದ ಕನ್ನಡ ಪ್ರೇಕ್ಷಕರಿಗೆ ಈ ಆಕ್ಷೇಪ ದೊಡ್ಡದೆನಿಸದು. ತೋರಿಕೆಯೆಂದು ತಿಳಿದೇ ಸ್ವೀಕರಿಸಿದ್ದರಲ್ಲಿ ವಂಚನೆ ಇರುವುದಿಲ್ಲ. ಆದುದರಿಂದ ಸತ್ಯಾಸತ್ಯದ ಪ್ರಶ್ನೆಗಿಂತ ಇಲ್ಲಿ ಗಹನವಾದದ್ದು ಕರ್ತೃತ್ವದ ಪ್ರಶ್ನೆ: ಎಂದೂ ನಡೆಯದ ಆ ಕಾಲವನ್ನು ಮಾಡಿದವರು ಯಾರು?

ಪಾಣಿನಿಯ ವ್ಯಾಕರಣದಲ್ಲಿ ಕ್ರಿಯೆಗೆ ಒದಗುವ ಅಂಶಗಳನ್ನು ಕಾರಕಗಳೆನ್ನುತ್ತಾರೆ. ಅವುಗಳಲ್ಲಿ ಸ್ವತಂತ್ರವಾದದ್ದು ಕರ್ತೃ, ಕ್ರಿಯೆಯನ್ನು ಸಾಧಿಸುವುದರಲ್ಲಿ ಎಲ್ಲಕ್ಕಿಂತ ಹೆಚ್ಚು ನೆರವಾಗುವುದು ಕರಣ. ಈ ಎರಡು ಲಕ್ಷಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಅಚ್ಚರಿಯ ಸಂಗತಿ ಕಾಣುತ್ತದೆ: ಹೆಚ್ಚು ಪರಿಣಾಮಕಾರಿಯಾದದ್ದು ಕರ್ತೃವಲ್ಲ, ಕರಣ. ಮರವನ್ನು ಸೀಳುವುದು ಕೊಡಲಿಯ ಅಲಗೇ ಹೊರತು ಕಡಿಯುವವನ ತೋಳಲ್ಲ. ಆದರೂ ಕಡಿದವನು ಅವನೇ. ಆದ್ದರಿಂದ ತಂತ್ರಾಂಶವೇ ಹೆಚ್ಚಿನ ಕೆಲಸ ಮಾಡಿತೆಂಬ ಕಾರಣಕ್ಕೆ ವಿದ್ಯಾರ್ಥಿಯ ಕರ್ತೃತ್ವ ಕಡಿಮೆಯಾಗುತ್ತದೆಂದು ವಾದಿಸುವವರು ಪರಿಣಾಮವನ್ನೂ ಸ್ವಾತಂತ್ರ್ಯವನ್ನೂ ಒಂದೇ ಅಳತೆಗೋಲಿನಿಂದ ಅಳೆಯುತ್ತಿದ್ದಾರೆ. ಕೊಡಲಿ ಚೆನ್ನಾಗಿ ಕಡಿಯುತ್ತದೆ, ಸೌದೆ ಬೇಯಿಸುತ್ತದೆ ಎಂಬ ಪ್ರಯೋಗಗಳನ್ನೂ ವೈಯಾಕರಣರು ಬಲ್ಲರು. ಯಾವ ಕಾರಕವನ್ನು ಕರ್ತೃವೆಂದು ಹೇಳಬೇಕೆಂಬುದು ವಿವಕ್ಷೆಯನ್ನು, ಅಂದರೆ ಹೇಳುವವನ ಉದ್ದೇಶವನ್ನು ಅವಲಂಬಿಸಿದೆ ಎಂದು ಅವರು ಅದಕ್ಕೆ ಸಮಾಧಾನ ಹೇಳಿದ್ದಾರೆ. ‘ತಂತ್ರಾಂಶವೇ ಬಣ್ಣ ಸರಿಪಡಿಸಿತು’ ಎಂಬ ಮಾತು ಹೀಗೆ ವ್ಯಾಕರಣಕ್ಕೆ ಸಲ್ಲುತ್ತದೆ. ಆದರೆ ಅದು ಹೊಗಳಿಕೆಯ ಮಾತೇ ಹೊರತು ಹೊಣೆಯನ್ನು ನಿರ್ಧರಿಸುವ ಮಾತಲ್ಲ.

ಕರ್ತೃವನ್ನು ಸ್ವತಂತ್ರನೆನ್ನಲು ಕಾರಣಗಳೇನು ಎಂಬುದನ್ನು ಐದನೆಯ ಶತಮಾನದ ಭರ್ತೃಹರಿಯು ‘ವಾಕ್ಯಪದೀಯ’ದ ಮೂರನೆಯ ಕಾಂಡದಲ್ಲಿ ಬಿಡಿಸಿ ಹೇಳಿದ್ದಾನೆ. ಕರ್ತೃವು ಉಳಿದ ಕಾರಕಗಳಿಗಿಂತ ಮೊದಲೇ ಶಕ್ತಿಯನ್ನು ಪಡೆದಿರುತ್ತಾನೆ. ಅವುಗಳನ್ನು ತನಗೆ ಅಧೀನವಾಗಿಸಿಕೊಳ್ಳುತ್ತಾನೆ. ಅವುಗಳ ಪ್ರವೃತ್ತಿ ಅವನ ಕೈಯಲ್ಲಿರುತ್ತದೆ. ಪ್ರವೃತ್ತವಾದವುಗಳನ್ನು ಅವನು ನಿಲ್ಲಿಸಬಲ್ಲನು. ಅವನಿಗೆ ಪ್ರತಿನಿಧಿ, ಎಂದರೆ ಬದಲಿ, ಕಾಣುವುದಿಲ್ಲ. ಮತ್ತು ಬೇರೆ ಕಾರಕಗಳಿಲ್ಲದ ಕಡೆಯೂ ಅವನು ಇರುತ್ತಾನೆ. ಕ್ರಿಯೆಗೆ ಅವನು ದೂರದಿಂದಲೇ ನೆರವಾದರೂ ಈ ಕಾರಣಗಳಿಂದ ಸ್ವಾತಂತ್ರ್ಯ ಅವನದೇ. ಸಂಕಲನದ ಕೋಣೆಯಲ್ಲಿ ಕುಳಿತ ವಿದ್ಯಾರ್ಥಿಗೆ ಇವುಗಳನ್ನು ಅನ್ವಯಿಸಿದರೆ ನಡುವಿನ ಮೂರು ಲಕ್ಷಣಗಳು ತೊಡಕಿಲ್ಲದೆ ಹೊಂದುತ್ತವೆ. ತಂತ್ರಾಂಶವನ್ನು ತೆರೆಯುವವನೂ ನಡೆಸುವವನೂ ನಿಲ್ಲಿಸುವವನೂ ಅವನೇ. ಉಪಕರಣಗಳಿಲ್ಲದ ಕಡೆಯೂ ಅವನಿರುತ್ತಾನೆಂಬುದು ಸ್ಪಷ್ಟ. ತೊಡಕಿರುವುದು ಮೊದಲನೆಯದರಲ್ಲಿ ಮತ್ತು ಐದನೆಯದರಲ್ಲಿ.

ಶಕ್ತಿಯನ್ನು ಮೊದಲೇ ಪಡೆದಿರುವುದೆಂದರೆ ಏನು ಮಾಡಬೇಕೆಂಬ ಸಂಕಲ್ಪ ಉಪಕರಣಕ್ಕಿಂತ ಮುಂಚೆ ಇರುವುದು. ಆದರೆ ತಂತ್ರಾಂಶವು ತನ್ನೊಳಗೆ ಮೊದಲೇ ಸಿದ್ಧವಾದ ಪರಿಣಾಮಗಳನ್ನು, ಬಣ್ಣದ ಮಾದರಿಗಳನ್ನು, ದೃಶ್ಯದಿಂದ ದೃಶ್ಯಕ್ಕೆ ಹೊರಳುವ ಬಗೆಗಳನ್ನು ಇಟ್ಟುಕೊಂಡಿರುತ್ತದೆ. ಹಲವು ವೇಳೆ ವಿದ್ಯಾರ್ಥಿಯ ಸಂಕಲ್ಪ ಹುಟ್ಟುವುದೇ ಆ ಪಟ್ಟಿಯನ್ನು ನೋಡಿದ ಮೇಲೆ. ಇಂಥ ಕಡೆ ಸಂಕಲ್ಪ ಕರಣಕ್ಕಿಂತ ಮೊದಲಿನದಲ್ಲ, ಕರಣದಿಂದ ಬಂದದ್ದು. ಬ್ರಹ್ಮಸೂತ್ರದ ತಕ್ಷಾಧಿಕರಣದಲ್ಲಿ ಇದಕ್ಕೆ ಹತ್ತಿರದ ವಿಚಾರವಿದೆ. ತಕ್ಷ ಎಂದರೆ ಬಡಗಿ. ಬಾಚಿ ಮುಂತಾದ ಉಪಕರಣಗಳನ್ನು ಹಿಡಿದಾಗ ಅವನು ಕರ್ತೃವಾಗಿ ದಣಿಯುತ್ತಾನೆ, ಅವುಗಳನ್ನು ಕೆಳಗಿಟ್ಟು ಮನೆಯಲ್ಲಿ ಕುಳಿತಾಗ ಕರ್ತೃತ್ವವಿಲ್ಲದೆ ಸುಖಿಯಾಗಿರುತ್ತಾನೆ. ಆತ್ಮದ ಕರ್ತೃತ್ವವೂ ಹೀಗೆಯೇ ಉಪಾಧಿಯಿಂದ, ಅಂದರೆ ಜೊತೆಗೂಡಿದ ಮನಸ್ಸು ಮತ್ತು ಇಂದ್ರಿಯಗಳಿಂದ ಬಂದದ್ದು, ಸ್ವಭಾವದಿಂದ ಬಂದದ್ದಲ್ಲ ಎಂದು ಶಂಕರಾಚಾರ್ಯರು ಅದನ್ನು ವಿವರಿಸುತ್ತಾರೆ. ಉಡುಪಿಯ ಮಧ್ವಾಚಾರ್ಯರ ಪರಂಪರೆ ಇದನ್ನು ಒಪ್ಪದೆ, ಜೀವನ ಕರ್ತೃತ್ವ ನಿಜವೇ, ಆದರೆ ಅದು ಈಶ್ವರನಿಗೆ ಅಧೀನ ಎನ್ನುತ್ತದೆ. ಈ ಎರಡು ಮತಗಳ ನಡುವಿನ ಅಂತರ ದೊಡ್ಡದಾದರೂ, ಯಾವ ನೆರವನ್ನೂ ಬೇಡದೆ ತನ್ನಷ್ಟಕ್ಕೆ ತಾನೇ ಪೂರ್ಣನಾದ ಜೀವಕರ್ತೃವೊಬ್ಬನಿದ್ದಾನೆಂಬುದನ್ನು ಎರಡೂ ನಿರಾಕರಿಸುತ್ತವೆ. ಪರೀಕ್ಷಾ ಮಂಡಳಿಯ ಪ್ರಶ್ನೆ ಊಹಿಸಿಕೊಂಡಿದ್ದ ವಿದ್ಯಾರ್ಥಿ ಅಂಥವನೇ.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಯಾವುದೇ ಕರ್ಮದ ಸಿದ್ಧಿಗೆ ಐದು ಕಾರಣಗಳನ್ನು ಹೇಳುತ್ತದೆ: ಅಧಿಷ್ಠಾನ, ಕರ್ತೃ, ಬಗೆಬಗೆಯ ಕರಣಗಳು, ನಾನಾ ವಿಧದ ಚೇಷ್ಟೆಗಳು, ಐದನೆಯದಾಗಿ ದೈವ. ಚಿತ್ರೀಕರಣಕ್ಕೆ ಸಿಕ್ಕ ಜಾಗ ಮತ್ತು ಶಾಲೆಯ ಕಂಪ್ಯೂಟರ್ ಕೋಣೆ ಅಧಿಷ್ಠಾನದ ಸ್ಥಾನದಲ್ಲಿ ನಿಲ್ಲುತ್ತವೆ. ಕ್ಯಾಮೆರಾ, ಮುಕ್ಕಾಲಿ, ತಂತ್ರಾಂಶ ಕರಣಗಳು. ನಡೆಸುವ, ನಟಿಸುವ, ಕತ್ತರಿಸುವ ಚಲನೆಗಳು ಚೇಷ್ಟೆಗಳು. ಅರ್ಧ ಚಿತ್ರೀಕರಣವಾದ ಮೇಲೆ ಮೋಡ ಕವಿದು ಬೆಳಕು ಬದಲಾಗುವುದು ದೈವ. ಕರ್ತೃವು ಈ ಐದರಲ್ಲಿ ಒಬ್ಬನೇ ಹೊರತು ಐದರ ಒಡೆಯನಲ್ಲ. ತಾನೊಬ್ಬನೇ ಕರ್ತೃವೆಂದು ಕಾಣುವವನ ತಿಳಿವಳಿಕೆಯನ್ನು ಗೀತೆ ಅಪಕ್ವವೆಂದು ತಳ್ಳಿಹಾಕುತ್ತದೆ. ಇಲ್ಲಿಂದ ಬೌದ್ಧರ ನಿಲುವಿಗೆ ಒಂದೇ ಹೆಜ್ಜೆ ಎಂದು ತೋರಬಹುದು: ಕಾರಣಗಳ ಸಂತತಿಯಿದ್ದರೆ ಸಾಕು, ಅದರ ಹಿಂದೆ ನಿಲ್ಲುವ ಕರ್ತೃ ಬೇಡ ಎಂದು ಅವರು ವಾದಿಸುತ್ತಾರೆ. ವಿಡಿಯೊವಿನ ತಾಂತ್ರಿಕ ರಚನೆ ಅವರ ಪಕ್ಷಕ್ಕೆ ಒಳ್ಳೆಯ ದೃಷ್ಟಾಂತವಾಗಬಲ್ಲುದು. 2003ರಲ್ಲಿ ರೂಪುಗೊಂಡ ಎಚ್.264 ಎಂಬ ಸಂಕೋಚನ ಕ್ರಮದಲ್ಲಿ ಹೆಚ್ಚಿನ ಚೌಕಟ್ಟುಗಳು ಪೂರ್ಣಚಿತ್ರಗಳಾಗಿ ಉಳಿಯುವುದಿಲ್ಲ. ಬೇರೆ ಚೌಕಟ್ಟುಗಳಿಗಿಂತ ತಮ್ಮಲ್ಲಿ ಏನು ಬೇರೆಯಾಗಿದೆ ಎಂಬುದನ್ನಷ್ಟೇ ಅವು ದಾಖಲಿಸುತ್ತವೆ. ಆದರೆ ಬೌದ್ಧರೂ ಕರ್ಮದ ಸಾರವನ್ನು ಚೇತನೆಯಲ್ಲಿ, ಅಂದರೆ ಉದ್ದೇಶಪೂರ್ವಕವಾದ ಮನೋವ್ಯಾಪಾರದಲ್ಲಿ ಇಟ್ಟಿದ್ದಾರೆಂಬುದನ್ನು ಮರೆಯುವಂತಿಲ್ಲ. ಸ್ಥಿರವಾದ ಕರ್ತೃವನ್ನು ಬಿಟ್ಟರೂ ಹೊಣೆಯನ್ನು ಬಿಡಲಾಗದು. ಹಾಗಾದರೆ ಕಾರಣಗಳ ಈ ಗುಂಪಿನಲ್ಲಿ ಬೇರೆ ಯಾವುದಕ್ಕೂ ಒಪ್ಪಿಸಲಾಗದ, ಆ ಒಬ್ಬನಿಂದಲೇ ಆಗಬೇಕಾದ ಕೆಲಸ ಯಾವುದು ಎಂಬುದು ಉಳಿಯುವ ಪ್ರಶ್ನೆ. ಅದು ಭರ್ತೃಹರಿಯ ಐದನೆಯ ಲಕ್ಷಣದ, ಪ್ರತಿನಿಧಿಯಿಲ್ಲದಿರುವಿಕೆಯ ಪ್ರಶ್ನೆಯೂ ಹೌದು.

ಪ್ರತಿನಿಧಿಯ ವಿಚಾರವನ್ನು ಅತ್ಯಂತ ಸೂಕ್ಷ್ಮವಾಗಿ ನಡೆಸಿದವರು ಮೀಮಾಂಸಕರು. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದ ಮೂರನೆಯ ಪಾದವು ಯಜ್ಞದಲ್ಲಿ ಯಾವುದರ ಬದಲಿಗೆ ಯಾವುದು ಸಲ್ಲುತ್ತದೆ ಎಂಬುದನ್ನು ಚರ್ಚಿಸುತ್ತದೆ. ವಿಧಿಸಿದ ಬತ್ತ ಸಿಗದಿದ್ದರೆ ಕಾಡುಬತ್ತವಾದ ನೀವಾರವನ್ನೂ, ಸೋಮಲತೆ ಸಿಗದಿದ್ದರೆ ಪೂತೀಕವೆಂಬ ಬಳ್ಳಿಯನ್ನೂ ಬಳಸಬಹುದು. ಆದರೆ ಯಜಮಾನನಿಗೆ, ಅಂದರೆ ಯಜ್ಞದ ಸ್ವಾಮಿಯಾಗಿ ಫಲವನ್ನು ಪಡೆಯುವವನಿಗೆ, ಬದಲಿಯಿಲ್ಲ. ಹಾಡಿನ ವಿಡಿಯೊದಲ್ಲಿ ಫೈನಲ್ ಕಟ್ ಇಲ್ಲದಿದ್ದರೆ ಪ್ರೀಮಿಯರ್, ಅದೂ ಇಲ್ಲದಿದ್ದರೆ ಉಚಿತವಾಗಿ ದೊರೆಯುವ ಡಾವಿಂಚಿ ರಿಸಾಲ್ವ್ ಸಾಕಾಗುತ್ತದೆ. ಒಳ್ಳೆಯ ಕ್ಯಾಮೆರಾ ಇಲ್ಲದಿದ್ದರೆ ಮೊಬೈಲ್ ಫೋನು ಸಾಕು. ಉಪಕರಣಗಳೆಲ್ಲವೂ ಬದಲಿಯನ್ನು ಒಪ್ಪುವ ದ್ರವ್ಯಗಳ ವರ್ಗಕ್ಕೆ ಸೇರುತ್ತವೆ.

ನಾಲ್ವರ ತಂಡಕ್ಕೆ ಇದಕ್ಕಿಂತ ಹೆಚ್ಚು ಹತ್ತಿರದ ಪ್ರಸಂಗ ಸತ್ರದ್ದು. ಸಾಮಾನ್ಯ ಯಜ್ಞದಲ್ಲಿ ಯಜಮಾನನೊಬ್ಬ, ಅವನು ದಕ್ಷಿಣೆ ಕೊಟ್ಟು ನೇಮಿಸಿಕೊಂಡ ಋತ್ವಿಜರು, ಅಂದರೆ ಪುರೋಹಿತರು, ಬೇರೆ. ಆದರೆ ದೀರ್ಘಕಾಲ ನಡೆಯುವ ಸತ್ರದಲ್ಲಿ ಹದಿನೇಳರಿಂದ ಇಪ್ಪತ್ತನಾಲ್ಕು ಮಂದಿ ಕೂಡಿ, ಎಲ್ಲರೂ ಯಜಮಾನರೂ ಆಗಿ ಋತ್ವಿಜರೂ ಆಗಿರುತ್ತಾರೆ. ಅವರಲ್ಲೊಬ್ಬನು ನಡುವೆ ಇಲ್ಲವಾದರೆ ಸಂಖ್ಯೆಯನ್ನು ತುಂಬಲು ಇನ್ನೊಬ್ಬನನ್ನು ತರಬಹುದೆಂದೂ, ಹಾಗೆ ಬಂದವನು ಕೆಲಸ ಮಾಡುವವನೇ ಹೊರತು ಫಲಕ್ಕೆ ಪಾಲುದಾರನಲ್ಲವೆಂದೂ ಮೀಮಾಂಸಕರು ನಿರ್ಣಯಿಸುತ್ತಾರೆ. ಸಂಕಲನದ ಕಸುಬು ಬಲ್ಲ ಗೆಳೆಯನೊಬ್ಬನು ಕೊನೆಯ ವಾರದಲ್ಲಿ ಬಂದು, ಹಿನ್ನೆಲೆಯನ್ನು ಆಮೇಲೆ ಬದಲಿಸಲೆಂದು ಹಸಿರು ಪರದೆಯ ಮುಂದೆ ತೆಗೆದ ದೃಶ್ಯಗಳನ್ನು ಸರಿಪಡಿಸಿಕೊಟ್ಟರೆ ಅವನ ಸ್ಥಾನ ಇದೇ. ಮಾಡುವುದು ಮತ್ತು ಮಾಡಿದ್ದಕ್ಕೆ ಸ್ವಾಮಿಯಾಗುವುದು ಎರಡು ಬೇರೆ ಸಂಗತಿಗಳೆಂಬ ಈ ವಿವೇಕ, ತಂತ್ರಾಂಶವು ಎಷ್ಟು ಮಾಡಿತೆಂಬ ಲೆಕ್ಕದಿಂದ ಚರ್ಚೆಯನ್ನು ಬಿಡಿಸುತ್ತದೆ.

ಹಾಗಾದರೆ ಸ್ವಾಮಿಯು ಮಾಡುವುದೇನು? ಮೀಮಾಂಸೆಯ ಉತ್ತರ ಖಚಿತವಾಗಿದೆ: ಯಾಗದ ಸಾರ ತ್ಯಾಗ, ಎಂದರೆ ದೇವತೆಯನ್ನು ಉದ್ದೇಶಿಸಿ ತನ್ನ ದ್ರವ್ಯವನ್ನು ‘ಇನ್ನು ನನ್ನದಲ್ಲ’ ಎಂದು ಬಿಡುವ ಸಂಕಲ್ಪ. ಹವಿಸ್ಸನ್ನು ಅಗ್ನಿಗೆ ಹಾಕುವ ಕೈ ಋತ್ವಿಜನದಾಗಿರಬಹುದು, ಬಿಡುವವನು ಮಾತ್ರ ಯಜಮಾನನೇ. ತನ್ನದಲ್ಲದ್ದನ್ನು ಯಾರೂ ಬಿಡಲಾರರಾದ್ದರಿಂದ ತ್ಯಾಗಕ್ಕೆ ಸ್ವತ್ವ, ಅಂದರೆ ಒಡೆತನ, ಮೊದಲ ಷರತ್ತು. ಈ ಮಾತು ಸಂಕಲನದ ಸ್ವರೂಪಕ್ಕೆ ಬೆಳಕು ಕೊಡುತ್ತದೆ. ಸಂಕಲನವೆಂದರೆ ಜೋಡಿಸುವುದು ಎಂಬುದು ಹೊರಗಿನಿಂದ ಕಂಡ ನೋಟ. ಕೆಲಸದ ಒಳಗಿದ್ದವರಿಗೆ ಅದು ಹೆಚ್ಚಾಗಿ ಬಿಡುವುದೇ. ಚಿತ್ರೀಕರಿಸಿದ್ದರಲ್ಲಿ ಅಂತಿಮ ವಿಡಿಯೊಗೆ ಸೇರುವುದು ಒಂದು ಸಣ್ಣ ಪಾಲು, ಹಾಡಿನ ಅವಧಿಯನ್ನು ಮೀರಿ ಒಂದು ಚೌಕಟ್ಟನ್ನೂ ಸೇರಿಸಲಾಗದು. ಹಾಡು ವಿದ್ಯಾರ್ಥಿಗಳದಲ್ಲ, ಅದು ಬೇರೆ ಕಲಾವಿದರ ಸೃಷ್ಟಿ. ಅವರ ಸ್ವತ್ವವಿರುವುದು ತಾವು ಚಳಿಯಲ್ಲಿ ನಿಂತು ತೆಗೆದ ದೃಶ್ಯಗಳ ಮೇಲೆ ಮಾತ್ರ, ಆದ್ದರಿಂದ ಅವರು ಬಿಡಬಲ್ಲದ್ದೂ ಅವುಗಳನ್ನೇ.

ಇಲ್ಲಿ ಕರ್ತೃ ಮತ್ತು ಕರಣದ ನಡುವಿನ ಗಡಿ ಕೊನೆಗೂ ಗೋಚರಿಸುತ್ತದೆ. ತಂತ್ರಾಂಶವು ಕತ್ತರಿಸಬಲ್ಲುದು, ಬಿಡಲಾರದು. ಅದಕ್ಕೆ ಯಾವುದೂ ತನ್ನದಾಗಿರಲಿಲ್ಲ. ಹಾಡಿನ ಬಡಿತಗಳನ್ನು ಗುರುತಿಸಿ ತಾನಾಗಿಯೇ ಕಟ್ ಹಾಕುವ, ನಡುಗುವ ಚಿತ್ರವನ್ನು ಸ್ಥಿರಗೊಳಿಸುವ, ಒಂದು ಶಾಟಿನ ಬಣ್ಣಕ್ಕೆ ಇನ್ನೊಂದನ್ನು ಹೊಂದಿಸುವ ಸೌಲಭ್ಯಗಳು ಈಗ ತಂತ್ರಾಂಶಗಳಲ್ಲಿವೆ. ನೂರು ಶಾಟುಗಳಲ್ಲಿ ಎಂಬತ್ತನ್ನು ಯಂತ್ರವು ಲೆಕ್ಕ ಹಾಕಿ ಹೊರಗಿಡಬಹುದು. ಹೊರಗಿಡುವುದಕ್ಕೂ ತ್ಯಾಗಕ್ಕೂ ಇರುವ ಭೇದವೆಂದರೆ, ತ್ಯಾಗದಲ್ಲಿ ಬಿಟ್ಟದ್ದರ ಬೆಲೆ ಬಿಟ್ಟವನಿಗೆ ಗೊತ್ತಿರುತ್ತದೆ. ಯಂತ್ರವು ಸೂಚಿಸಿದ ಕಟ್ಟುಗಳನ್ನು ಒಪ್ಪುವ ಮೊದಲು ಬಿಟ್ಟುಹೋದ ಎಂಬತ್ತನ್ನೂ ನೋಡಿ, ಇವು ಬೇಡವೆಂದು ತಾನೇ ನಿಶ್ಚಯಿಸಿದ ವಿದ್ಯಾರ್ಥಿ ಪೂರ್ಣಾರ್ಥದಲ್ಲಿ ಕರ್ತೃ; ಅವುಗಳನ್ನು ನೋಡದೆಯೇ ಒಪ್ಪಿದವನ ವಿಡಿಯೊ ಚೌಕಟ್ಟು ಚೌಕಟ್ಟಿಗೂ ಮೊದಲಿನವನದರಂತೆಯೇ ಇದ್ದರೂ, ಅವನು ಹೆಸರಿಗೆ ಮಾತ್ರ ಯಜಮಾನ. ಫಲಿತಾಂಶದಲ್ಲಿ ಕಾಣದ ಭೇದವೊಂದು ಕರ್ತೃತ್ವದಲ್ಲಿ ಇರಬಲ್ಲುದೆಂಬುದೇ ಈ ವಿಚಾರದ ಮುಖ್ಯ ಪ್ರಮೇಯ.

ಎಲ್ಲ ಬಿಡುವಿಕೆಯೂ ಒಂದೇ ಮಟ್ಟದ್ದಲ್ಲ. ಗೀತೆಯ ಅದೇ ಅಧ್ಯಾಯ ತ್ಯಾಗವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ; ಅಲ್ಲಿ ವಿಚಾರವಿರುವುದು ನಿಯತ ಕರ್ಮವನ್ನು ಕುರಿತಾದರೂ, ವಿಂಗಡಣೆಯ ತರ್ಕ ಇಲ್ಲಿಗೂ ಉಪಯುಕ್ತ. ಮೋಹದಿಂದ, ಅಂದರೆ ಅರಿವಿಲ್ಲದೆ ಬಿಡುವುದು ತಾಮಸ: ನೋಡದೆಯೇ ಕಳೆದ ಶಾಟುಗಳು ಇಲ್ಲಿಗೆ ಸೇರುತ್ತವೆ. ದೇಹಕ್ಕೆ ಕ್ಲೇಶವಾದೀತೆಂಬ ಭಯದಿಂದ ಬಿಡುವುದು ರಾಜಸ: ಹಸಿರು ಪರದೆಯ ಮುಂದೆ ತೆಗೆದ ದೃಶ್ಯದಲ್ಲಿ ಕೂದಲಂಚಿನ ಹಸಿರನ್ನು ಕಳೆಯಲು ಗಂಟೆಗಳು ಹಿಡಿಯುತ್ತವೆಂದು, ಹಾಡಿಗೆ ಅಗತ್ಯವಾದ ದೃಶ್ಯವನ್ನೇ ಕೈಬಿಡುವುದು ಇದರ ಮಾದರಿ. ಕರ್ತವ್ಯವನ್ನು ಮಾಡುತ್ತಲೇ ಸಂಗವನ್ನೂ ಫಲದ ಆಸೆಯನ್ನೂ ಬಿಡುವುದು ಸಾತ್ತ್ವಿಕ: ಬೆಳಗಿನ ಜಾವ ಎದ್ದು ಹೋಗಿ ತೆಗೆದ, ತಂಡದ ಎಲ್ಲರಿಗೂ ಮೆಚ್ಚಾದ ಸೂರ್ಯೋದಯದ ಶಾಟು ಹಾಡಿನ ಭಾವಕ್ಕೆ ಒದಗುವುದಿಲ್ಲವೆಂದು ಕಂಡಾಗ, ಪಟ್ಟ ಶ್ರಮದ ಮೇಲಿನ ಅಭಿಮಾನವನ್ನು ಲೆಕ್ಕಿಸದೆ ಅದನ್ನು ತೆಗೆದುಹಾಕುವುದು. ತೆರೆಯ ಮೇಲೆ ಮೂರೂ ಒಂದೇ ಬಗೆಯ ಇಲ್ಲದಿರುವಿಕೆಯಾಗಿ ಪರಿಣಮಿಸುತ್ತವೆ. 2011ರಲ್ಲಿ ಬಂದ ಫೈನಲ್ ಕಟ್ ಪ್ರೊ ಎಕ್ಸ್‌ನ ಟೈಮ್‌ಲೈನಿನಲ್ಲಿ, ಅಂದರೆ ಶಾಟುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯಲ್ಲಿ, ಒಂದು ಶಾಟನ್ನು ತೆಗೆದೊಡನೆ ಅಕ್ಕಪಕ್ಕದವು ಅಯಸ್ಕಾಂತದಂತೆ ತಾವೇ ಸರಿದು ತೆರವನ್ನು ಮುಚ್ಚುತ್ತವೆ. ಬಿಟ್ಟದ್ದರ ಗುರುತೂ ಉಳಿಯದಂತೆ ಉಪಕರಣವೇ ನೋಡಿಕೊಳ್ಳುತ್ತದೆ.

ಈ ಸಿದ್ಧಾಂತಕ್ಕೆ ಬಲವಾದ ಆಕ್ಷೇಪವೊಂದಿದೆ. ಡಿಜಿಟಲ್ ಸಂಕಲನದಲ್ಲಿ ಏನನ್ನೂ ನಿಜವಾಗಿ ಬಿಡುವುದಿಲ್ಲ. ಫಿಲ್ಮನ್ನು ಕತ್ತರಿಯಿಂದ ತುಂಡರಿಸಿ ಅಂಟಿಸುತ್ತಿದ್ದ ಕಾಲದ ಕಟ್ ವಸ್ತುವಿನ ಮೇಲೆಯೇ ಬೀಳುತ್ತಿತ್ತು. ಈಗಿನ ಪ್ರಾಜೆಕ್ಟ್ ಫೈಲಿನಲ್ಲಿ ಚಿತ್ರಗಳೇ ಇರುವುದಿಲ್ಲ. ಯಾವ ಫೈಲಿನ ಯಾವ ಚೌಕಟ್ಟಿನಿಂದ ಯಾವ ಚೌಕಟ್ಟಿನವರೆಗಿನ ಭಾಗ ಎಲ್ಲಿ ಬರಬೇಕೆಂಬ ಸೂಚನೆಗಳ ಸರಣಿ ಮಾತ್ರ ಇರುತ್ತದೆ. ಮೂಲದ ಫೈಲಿಗೆ ಯಾವ ಹಾನಿಯೂ ಆಗದು, ‘ಅನ್‌ಡೂ’ ಒತ್ತಿದರೆ ಕಳೆದದ್ದು ಮರಳುತ್ತದೆ. ಮರಳಿ ಪಡೆಯಬಹುದಾದದ್ದನ್ನು ಬಿಟ್ಟರೆ ಅದು ತ್ಯಾಗವೆನಿಸೀತೇ?

ಈ ಆಕ್ಷೇಪಕ್ಕೆ ಎರಡು ಹಂತದ ಸಮಾಧಾನವಿದೆ. ಮೊದಲನೆಯದು, ಟೈಮ್‌ಲೈನಿನ ಮೇಲೆ ನಡೆಯುವುದು ತ್ಯಾಗವಲ್ಲ, ತ್ಯಾಗದ ವಿಚಾರ ಎಂದು ಒಪ್ಪಿಕೊಳ್ಳುವುದು. ಅದು ಪೂರ್ಣವಾಗುವುದು ರೆಂಡರ್ ಆದಾಗ, ಅಂದರೆ ಚದುರಿದ ಸೂಚನೆಗಳೆಲ್ಲ ಒಂದೇ ಫೈಲಾಗಿ ಗಟ್ಟಿಗೊಂಡು, ಆ ಫೈಲು ಪರೀಕ್ಷಕರ ಕೈಗೆ ಸೇರಿದಾಗ. ಅಲ್ಲಿಯವರೆಗೆ ಪ್ರತಿಯೊಂದು ಕಟ್ಟೂ ಹಿಂದೆಗೆಯಬಹುದಾದ ಸಂಕಲ್ಪ. ಉಪಕರಣವು ಕರ್ಮವನ್ನು ಹೀಗೆ ತಡೆದು ನಿಲ್ಲಿಸುವುದರಿಂದ ವಿಚಾರಕ್ಕೆ ದೊರೆಯುವ ಅವಕಾಶ ದೊಡ್ಡದು. ಆದರೆ ನಿಶ್ಚಯವನ್ನು ಮುಂದೂಡುತ್ತಲೇ ಹೋಗುವ ಅಭ್ಯಾಸಕ್ಕೂ ಅದೇ ಅವಕಾಶ ಕೊಡುತ್ತದೆ. ಕೊನೆಯ ದಿನವನ್ನು ಗೊತ್ತುಪಡಿಸುವುದು ಈ ದೃಷ್ಟಿಯಿಂದ ಆಡಳಿತದ ಅನುಕೂಲವಷ್ಟೇ ಅಲ್ಲ, ಕರ್ಮವು ಕರ್ಮವಾಗಲು ಬೇಕಾದ ಮೇರೆ.

ಎರಡನೆಯ ಸಮಾಧಾನ ವೈಶೇಷಿಕರಿಂದ ದೊರೆಯುತ್ತದೆ. ಅವರು ಸಂಸ್ಕಾರವೆಂಬ ಗುಣವನ್ನು ವೇಗ, ಸ್ಥಿತಿಸ್ಥಾಪಕ ಮತ್ತು ಭಾವನೆ ಎಂದು ಮೂರು ಬಗೆಯಾಗಿ ಹೇಳುತ್ತಾರೆ. ಬಗ್ಗಿಸಿ ಬಿಟ್ಟ ಕೊಂಬೆ ಮೊದಲಿನ ಸ್ಥಿತಿಗೆ ಮರಳುವುದು ಸ್ಥಿತಿಸ್ಥಾಪಕದಿಂದ. ಅನುಭವಿಸಿದ್ದು ಆತ್ಮದಲ್ಲಿ ಅಚ್ಚಾಗಿ ಉಳಿದು ಮುಂದೆ ಸ್ಮರಣೆಗೆ ಕಾರಣವಾಗುವುದು ಭಾವನೆ. ತಂತ್ರಾಂಶಕ್ಕಿರುವುದು ಸ್ಥಿತಿಸ್ಥಾಪಕದಂಥ ಶಕ್ತಿ: ಎಷ್ಟು ಬಗ್ಗಿಸಿದರೂ ಅದು ಏನೂ ಆಗದಿದ್ದಂತೆ ಹಿಂದಿನ ಸ್ಥಿತಿಗೆ ಬಂದು ನಿಲ್ಲುತ್ತದೆ. ವಿದ್ಯಾರ್ಥಿಯಲ್ಲಿ ಉಳಿಯುವುದು ಭಾವನೆ. ಒಂದು ಶಾಟನ್ನು ತೆಗೆದು ನೋಡಿ, ಮತ್ತೆ ಸೇರಿಸಿ, ಮತ್ತೆ ತೆಗೆದವನ ಪ್ರಾಜೆಕ್ಟು ಮೊದಲಿದ್ದ ಸ್ಥಿತಿಗೇ ಬಂದಿರಬಹುದು, ಅವನು ಮಾತ್ರ ಬಂದಿರುವುದಿಲ್ಲ. ಆ ಶಾಟಿಲ್ಲದ ಹಾಡು ಹೇಗಿರುತ್ತದೆಂಬುದನ್ನು ಕಂಡ ಅನುಭವವನ್ನು ಅಳಿಸುವ ಗುಂಡಿಯಿಲ್ಲ. ಹೀಗೆ ಉಪಕರಣ ಕಲಿಯದೆ ಉಳಿದು ಉಪಯೋಗಿಸಿದವನು ಬದಲಾಗುವುದು ಇವೆರಡರ ನಡುವಿನ ಎರಡನೆಯ ಗಡಿ. ಶಿಕ್ಷಣದ ದೃಷ್ಟಿಯಿಂದ ಅದೇ ಮುಖ್ಯವಾದ ಗಡಿ. ವಿದ್ಯಾರ್ಥಿಯ ಕೆಲಸದ ಫಲ ಪ್ರೇಕ್ಷಕರ ಎದುರಿನ ವಿಡಿಯೊದಲ್ಲಿರುವುದಕ್ಕಿಂತ ಹೆಚ್ಚಾಗಿ ಮಾಡಿದವನಲ್ಲಿ ಉಳಿಯುವ ವಿವೇಕದಲ್ಲಿದೆ.

ಯಜ್ಞದ ಹೋಲಿಕೆಗೆ ಮಿತಿಯಿದೆ ಎಂಬುದನ್ನೂ ಹೇಳಬೇಕು. ಯಜಮಾನನು ಬಿಡುವುದು ದೇವತೆಯನ್ನು ಉದ್ದೇಶಿಸಿ, ಶಾಸ್ತ್ರದ ವಿಧಿಗೆ ಒಳಪಟ್ಟು. ಸ್ವರ್ಗದಂಥ ಫಲಗಳು ಅದೃಷ್ಟವಾದವು, ಕಣ್ಣಿಗೆ ಕಾಣದಂಥವು. ವಿದ್ಯಾರ್ಥಿಯು ಬಿಡುವುದು ಹಾಡನ್ನು ಉದ್ದೇಶಿಸಿ, ಮತ್ತು ಅವನಿಗೆ ವಿಧಿಯೆಂದರೆ ಆ ಹಾಡಿನ ಲಯ ಹಾಗೂ ಭಾವವೇ. ಸಂಕಲನವನ್ನು ಧಾರ್ಮಿಕ ಕ್ರಿಯೆಯೆಂದು ಹೊಗಳುವುದು ಇಲ್ಲಿಯ ಉದ್ದೇಶವಲ್ಲ. ಮಾಡುವಿಕೆಯನ್ನೆಲ್ಲ ಇತರರಿಗೆ ಒಪ್ಪಿಸಿದ ಮೇಲೂ ಒಬ್ಬನನ್ನು ಕರ್ತೃವೆನ್ನಲು ಏನು ಆಧಾರ ಎಂಬ ಪ್ರಶ್ನೆಯನ್ನು ಮೀಮಾಂಸಕರು ಋತ್ವಿಜರ ಸಂದರ್ಭದಲ್ಲಿ ಎದುರಿಸಿದ್ದರು. ಅದೇ ಪ್ರಶ್ನೆ ತಂತ್ರಾಂಶಗಳ ಸಂದರ್ಭದಲ್ಲಿ ಮರಳಿ ಬಂದಿರುವುದರಿಂದ ಅವರ ಉತ್ತರ ಪರಿಶೀಲನೆಗೆ ಯೋಗ್ಯವೆಂಬುದಷ್ಟೇ ಇಲ್ಲಿಯ ವಾದ.

ಇದರಿಂದ ಮೌಲ್ಯಮಾಪನಕ್ಕೆ ಒಂದು ಸ್ಪಷ್ಟವಾದ ಪರಿಣಾಮವಿದೆ. ತಂತ್ರಜ್ಞಾನಗಳನ್ನು ಹೇಗೆ ಬಳಸಿದೆ ಎಂದು ಕೇಳಿದರೆ ವಿದ್ಯಾರ್ಥಿ ಉಪಕರಣಗಳ ಪಟ್ಟಿಯನ್ನು ಕೊಡುತ್ತಾನೆ: ಇದರಲ್ಲಿ ಕತ್ತರಿಸಿದೆ, ಅದರಲ್ಲಿ ಬಣ್ಣ ಹಾಕಿದೆ, ಇನ್ನೊಂದರಲ್ಲಿ ಹೊದಿಕೆಯ ವಿನ್ಯಾಸ ಮಾಡಿದೆ. ಆ ಪಟ್ಟಿ ನಿಜವೇ ಆಗಿದ್ದರೂ ಅದು ಕರಣಗಳ ಚರಿತ್ರೆ, ಕರ್ತೃವಿನ ಚರಿತ್ರೆಯಲ್ಲ. ಉಪಕರಣಗಳು ಬಲಿಷ್ಠವಾದಂತೆಲ್ಲ ಅದು ಬೆಳೆಯುತ್ತದೆ, ಬರೆದವನ ಬಗ್ಗೆ ಹೇಳುವುದು ಮಾತ್ರ ಕಡಿಮೆಯಾಗುತ್ತ ಹೋಗುತ್ತದೆ. ಯಾವ ದೃಶ್ಯಗಳನ್ನು ಬಿಟ್ಟೆ, 120ರ ಲಯದಲ್ಲಿ ಕಟ್ಟನ್ನು ಬಡಿತಕ್ಕಿಂತ ಮುಂಚೆ ಇಟ್ಟೆಯೋ ಅನಂತರವೋ, ಯಂತ್ರ ಸೂಚಿಸಿದ್ದರಲ್ಲಿ ಯಾವುದನ್ನು ಒಪ್ಪಲಿಲ್ಲ, ಏಕೆ ಎಂದು ಕೇಳಿದರೆ, ತೆರೆಯ ಮೇಲೆ ಕಾಣದ, ಯಾವ ಉಪಕರಣವೂ ಅವನ ಪರವಾಗಿ ಮಾಡಿರಲಾಗದ ಕೆಲಸದ ಲೆಕ್ಕ ಹೊರಬರುತ್ತದೆ. ಸ್ವಮೌಲ್ಯಮಾಪನಕ್ಕಿದ್ದ 20 ಅಂಕಗಳು ಸಾರ್ಥಕವಾಗುತ್ತಿದ್ದುದು ಆ ಲೆಕ್ಕವನ್ನು ಕೇಳಿದ್ದರೆ. ಅದೇ ಒಂದು ವಿಡಿಯೊ ಮಾಡಿದ ತಂಡದ ನಾಲ್ವರ ತಿಳಿವಳಿಕೆಗೂ ಬೇರೆಬೇರೆಯಾಗಿ ಅಂಕ ಕೊಡಬೇಕೆಂಬ ನಿಯಮಕ್ಕೆ ಅರ್ಥ ಬರುತ್ತಿದ್ದುದೂ ಆಗಲೇ, ಏಕೆಂದರೆ ವಿಡಿಯೊ ನಾಲ್ವರದೂ ಒಂದೇ ಆದರೂ ಬಿಟ್ಟದ್ದರ ಬೆಲೆಯನ್ನು ನಾಲ್ವರೂ ಒಂದೇ ಬಗೆಯಾಗಿ ಅರಿತಿರುವುದಿಲ್ಲ.